ಶಿಶುಗಳ ರಕ್ತನಾಳಗಂತಿಯ ಚಿಕಿತ್ಸೆ: ಒಂದು ಚಾರಿತ್ರಿಕ ವಿವೇಚನೆ

ವೈದ್ಯಶಾಸ್ತ್ರದ ವಿಷಯವೊಂದನ್ನು ಇತಿಹಾಸದ ಅಧ್ಯಾಪಕರು ವಿವೇಚಿಸಹೊರಡುವುದು ಅಧಿಕಪ್ರಸಂಗವೆಂದು ಕೆಲವು ವಾಚಕರಿಗೆ ತೋರಬಹುದು. ಆದರೆ ಯಾವ ಮದ್ದಿನಿಂದ ಯಾವ ವ್ಯಾಧಿ ಗುಣವಾಯಿತೆಂಬುದು ಮೂಲತಃ ಕಾರ್ಯಕಾರಣ ಸಂಬಂಧದ ಪ್ರಶ್ನೆ. ಒಂದರ ಹಿಂದೆ ಒಂದು ನಡೆದ ಎರಡು ಸಂಗತಿಗಳಲ್ಲಿ ಮೊದಲನೆಯದು ಎರಡನೆಯದಕ್ಕೆ ನಿಜವಾಗಿ ಕಾರಣವಾಯಿತೆ, ಇಲ್ಲವೆ ಕೇವಲ ಅದಕ್ಕೆ ಮುಂಚೆ ನಡೆಯಿತೆ ಎಂಬ ಈ ಪ್ರಶ್ನೆಯನ್ನು ಇತಿಹಾಸಕಾರನು ದಿನವೂ ಎದುರಿಸುತ್ತಾನೆ. ಈ ವಿಷಯದಲ್ಲಿ ವಿದ್ಯಾವಂತರೂ ಎಷ್ಟು ಸುಲಭವಾಗಿ, ಎಷ್ಟು ದೀರ್ಘಕಾಲ ಮೋಸಹೋಗಬಲ್ಲರೆಂಬುದಕ್ಕೆ ಎಳೆಗೂಸುಗಳ ಮೈಮೇಲೆ ಕಾಣಿಸಿಕೊಳ್ಳುವ ರಕ್ತನಾಳಗಂತಿಯ ಕಥೆ ಒಳ್ಳೆಯ ನಿದರ್ಶನ. ನಾವಿರುವ ಮಲೆಬೆನ್ನೂರಿನಂತಹ ಊರುಗಳಿಗೆ ಈ ಕಥೆಯಿಂದ ತಿಳಿಯಬೇಕಾದ ಒಂದು ಸಂಗತಿಯೂ ಉಂಟು. ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ಮೊದಲು ಗಂತಿಯ ಸ್ವರೂಪವನ್ನು ಅರಿಯಬೇಕು. ಪಾಶ್ಚಾತ್ಯ ವೈದ್ಯರು ಹೀಮ್ಯಾಂಜಿಯೋಮವೆಂದು ಕರೆಯುವ ಈ ಗಂತಿಯು ರಕ್ತನಾಳಗಳ ಒಳಪದರವನ್ನು ಕಟ್ಟುವ ಜೀವಕೋಶಗಳು ಅಳತೆಮೀರಿ ವೃದ್ಧಿಹೊಂದುವುದರಿಂದ ಉಂಟಾಗುತ್ತದೆ. ಏಡಿಗಂತಿಯಂತೆ ಇದು ದೇಹದಲ್ಲಿ ಹರಡತಕ್ಕದ್ದಲ್ಲ. ನೂರು ಶಿಶುಗಳಲ್ಲಿ ನಾಲ್ಕೈದಕ್ಕೆ ಬರುವುದೆಂದು ಅಂದಾಜು. ಗಂಡುಕೂಸುಗಳಿಗಿಂತ ಹೆಣ್ಣುಕೂಸುಗಳಲ್ಲಿ ಹೆಚ್ಚು, ದಿನ ತುಂಬುವ ಮೊದಲೇ ಕಡಿಮೆ ತೂಕದಲ್ಲಿ ಹುಟ್ಟಿದವುಗಳಲ್ಲಿ ಮತ್ತೂ ಹೆಚ್ಚು. ಹುಟ್ಟಿದ ದಿನ ಆ ಜಾಗದಲ್ಲಿ ಸಾಮಾನ್ಯವಾಗಿ ಏನೂ ಇರುವುದಿಲ್ಲ. ಇದ್ದರೆ ಮಾಸಲು ಬಿಳುಪಿನ ಇಲ್ಲವೆ ನಸುಗೆಂಪಿನ ಒಂದು ಗುರುತು ಮಾತ್ರ. ಎರಡು ಮೂರು ವಾರಗಳಲ್ಲಿ ಅದು ಕೆಂಪೇರಿ ಉಬ್ಬತೊಡಗುತ್ತದೆ. ಐದೂವರೆಯಿಂದ ಏಳೂವರೆ ವಾರಗಳ ನಡುವೆ ಅದರ ಬೆಳವಣಿಗೆಯ ವೇಗ ಅತ್ಯಧಿಕ. ಐದು ತಿಂಗಳಾಗುವಷ್ಟರಲ್ಲಿ ಬೆಳೆಯಬೇಕಾದುದರಲ್ಲಿ ಬಹುಪಾಲು ಬೆಳೆದು ಮುಗಿದಿರುತ್ತದೆ. ಬಳಿಕ ವರ್ಷ ತುಂಬುವ ಸುಮಾರಿಗೆ ಕೆಂಪು ಕಂದಿ ಬೂದುಬಣ್ಣ ತಿರುಗುತ್ತದೆ, ಗಂತಿ ಮೆತ್ತಗಾಗುತ್ತದೆ, ಮೆಲ್ಲಮೆಲ್ಲನೆ ಇಳಿಯುತ್ತದೆ. ನಾಲ್ಕನೆಯ ವರ್ಷದ ಹೊತ್ತಿಗೆ ಹೆಚ್ಚಿನ ಗಂತಿಗಳು ಇಳಿಯಬಹುದಾದಷ್ಟು ಇಳಿದಿರುತ್ತವೆ. ಯಾವ ಔಷಧವೂ ಇಲ್ಲದೆ, ಯಾವ ವೈದ್ಯನೂ ಇಲ್ಲದೆ ಇದು ನಡೆಯುತ್ತದೆ. ಮುಂದೆ ಹೇಳುವ ಕಥೆಯೆಲ್ಲವೂ ಈ ಕಾಲಕ್ರಮವನ್ನು ಅವಲಂಬಿಸಿರುವುದರಿಂದ ವಾಚಕರು ಇದನ್ನು ಮನಸ್ಸಿನಲ್ಲಿಡಬೇಕು.

ನಮ್ಮ ಜನ ಇದನ್ನು ಮಚ್ಚೆಯೆನ್ನುತ್ತಾರೆ. ಆ ಶಬ್ದದಲ್ಲಿಯೇ ಒಂದು ತೊಡಕಿದೆ. ಹುಟ್ಟಿದಂದಿನಿಂದ ಇರುವ, ಚಪ್ಪಟೆಯಾದ, ದ್ರಾಕ್ಷಾರಸ ಚೆಲ್ಲಿದಂತೆ ಕಾಣುವ ಕೆಂಗಲೆಯೂ ಮಚ್ಚೆಯೇ. ಕರಿಯ ಎಳ್ಳಿನಂತಹ ಚುಕ್ಕೆಯೂ ಮಚ್ಚೆಯೇ. ಮೂರನೆಯ ವಾರದಲ್ಲಿ ಉಬ್ಬಿ ಬರುವ ಈ ಗಂತಿಯೂ ಮಚ್ಚೆಯೇ. ಮೊದಲನೆಯದು ಜೀವನಪರ್ಯಂತ ಉಳಿಯುತ್ತದೆ, ವಯಸ್ಸಾದಂತೆ ದಪ್ಪವೂ ಆಗುತ್ತದೆ. ಎರಡನೆಯದು ಚರ್ಮದ ಬಣ್ಣಕ್ಕೆ ಸಂಬಂಧಿಸಿದ್ದು. ಮೂರನೆಯದೊಂದೇ ತಾನಾಗಿ ಬೆಳೆದು ತಾನಾಗಿ ಇಳಿಯುವುದು. ಈ ಗೊಂದಲ ಹಳ್ಳಿಯವರದು ಮಾತ್ರವೆಂದು ಭಾವಿಸಲಾಗದು. ಲ್ಯಾಟಿನ್ ಭಾಷೆಯ ‘ನೀವಸ್’ ಎಂಬ ಒಂದೇ ಹೆಸರಿನ ಕೆಳಗೆ ಐರೋಪ್ಯ ವೈದ್ಯರು ಇವೆಲ್ಲವನ್ನೂ ಶತಮಾನಗಳ ಕಾಲ ಒಟ್ಟುಗೂಡಿಸಿದ್ದರು. ರಕ್ತನಾಳಗಳ ಗಂತಿಯೇ ಬೇರೆ, ರಕ್ತನಾಳಗಳ ರಚನಾದೋಷವೇ ಬೇರೆ ಎಂದು ಜೀವಕೋಶಗಳ ಪರೀಕ್ಷೆಯಿಂದ ಸ್ಪಷ್ಟವಾಗಿ ವಿಭಾಗಿಸಿದವರು ಬಾಸ್ಟನ್ ನಗರದ ಮುಲಿಕೆನ್ ಮತ್ತು ಗ್ಲೋವಾಕಿ. ಅವರ ಪ್ರಬಂಧ ಪ್ರಕಟವಾದುದು 1982ರಷ್ಟು ಈಚೆಗೆ.

ಕಾರಣದ ವಿಷಯದಲ್ಲಿಯೂ ಪೂರ್ವಪಶ್ಚಿಮಗಳ ಕಲ್ಪನೆಗಳು ಆಶ್ಚರ್ಯಕರವಾಗಿ ಹೋಲುತ್ತವೆ. ಬಸುರಿಯು ಗ್ರಹಣಕಾಲದಲ್ಲಿ ಹೊರಗೆ ಬಂದರೆ, ಈಳಿಗೆಮಣೆ ಮುಟ್ಟಿ ಕಾಯಿಪಲ್ಲೆ ಹೆಚ್ಚಿದರೆ ಕೂಸಿನ ಮೈಮೇಲೆ ಗುರುತು ಬೀಳುವುದೆಂದು ನಮ್ಮ ಕಡೆ ನಂಬುತ್ತಾರೆ. ಬಯಕೆ ತೀರದಿದ್ದರೆ ಕೂಸಿಗೆ ಕಿವಿ ಸೋರುವುದೆಂಬ ಮಾತನ್ನು ಕೇಳದ ಕನ್ನಡಿಗರು ವಿರಳ. ಫ್ರೆಂಚ್ ಭಾಷೆಯಲ್ಲಿ ಹುಟ್ಟುಮಚ್ಚೆಗೆ ‘ಆನ್ವೀ’ ಎಂದೂ ಇಟಾಲಿಯನ್ ಭಾಷೆಯಲ್ಲಿ ‘ವೋಲ್ಯ’ ಎಂದೂ ಹೆಸರುಗಳಿವೆ. ಎರಡು ಶಬ್ದಗಳಿಗೂ ಬಯಕೆಯೆಂದೇ ಅರ್ಥ. ಕೆಂಪು ಹಣ್ಣನ್ನು ಬಯಸಿ ಪಡೆಯದ ತಾಯಿಯ ಮಗುವಿಗೆ ಕೆಂಪು ಹಣ್ಣಿನಂತಹ ಗುರುತು ಮೂಡುವುದೆಂದು ಅಲ್ಲಿನ ಜನ ತರ್ಕಿಸಿದ್ದರು. ಎಲ್ಲ ಕಡೆಯೂ ತಪ್ಪು ತಾಯಿಯ ಮೇಲೆಯೇ ಬಂದಿತೆಂಬುದು ಗಮನಾರ್ಹ. ಗರ್ಭಿಣಿಯ ಆಹಾರಕ್ಕಾಗಲಿ, ನಡವಳಿಕೆಗಾಗಲಿ, ಗ್ರಹಣಕ್ಕಾಗಲಿ ಈ ಗಂತಿಗೂ ಸಂಬಂಧವಿಲ್ಲ.

ನಮ್ಮ ಪ್ರಾಚೀನ ಗ್ರಂಥಗಳಲ್ಲಿ ಈ ವ್ಯಾಧಿ ಎಲ್ಲಿದೆಯೆಂದು ಹುಡುಕುವ ಆಸೆ ಸಹಜವಾದುದು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಗ್ರಂಥಿ, ಅಪಚಿ, ಅರ್ಬುದ, ಗಲಗಂಡಗಳಿಗೆ ಮೀಸಲಾದ ಅಧ್ಯಾಯವೊಂದಿದೆ. ಅಲ್ಲಿ ಸಿರಾಜಗ್ರಂಥಿ, ರಕ್ತಾರ್ಬುದ ಎಂಬ ಹೆಸರುಗಳು ಬರುತ್ತವೆ. ಹೆಸರಿನ ಸಾಮ್ಯವನ್ನು ಕಂಡು ಹೀಮ್ಯಾಂಜಿಯೋಮ ನಮ್ಮ ಪೂರ್ವಿಕರಿಗೆ ತಿಳಿದಿತ್ತೆಂದು ಸಾರುವುದು ಅವಸರದ ತೀರ್ಮಾನವಾದೀತು. ಸುಶ್ರುತನ ಸಿರಾಜಗ್ರಂಥಿಯು ಬಲಹೀನನಾದವನು ಅತಿಶ್ರಮಪಟ್ಟಾಗ ಉಂಟಾಗತಕ್ಕದ್ದು. ರಕ್ತಾರ್ಬುದವು ಅಸಾಧ್ಯವೆಂದು ಬಿಟ್ಟದ್ದು. ಒಂದು ತಿಂಗಳ ಕೂಸಿನಲ್ಲಿ ಬೆಳೆದು ತಾನಾಗಿ ಅಡಗುವ ಗಂತಿಗೆ ಈ ಲಕ್ಷಣಗಳು ಹೊಂದುವುದಿಲ್ಲ. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕವುಂಟು. ಸುಮಾರು 1200ರ ದೇವೇಂದ್ರಮುನಿಯ ಬಾಲಗ್ರಹಚಿಕಿತ್ಸೆಯುಂಟು. ಮಕ್ಕಳ ವ್ಯಾಧಿಗಳಿಗಾಗಿಯೇ ಕನ್ನಡದಲ್ಲಿ ಅಷ್ಟು ಹಿಂದೆ ಒಂದು ಪ್ರತ್ಯೇಕ ಗ್ರಂಥ ಹುಟ್ಟಿದುದು ಅಭಿಮಾನದ ಸಂಗತಿ. ಆದರೆ ಅದರ ಹೆಸರೇ ಸೂಚಿಸುವಂತೆ ಆ ಕಾಲದ ಚಿಂತನೆ ಶಿಶುವನ್ನು ಪೀಡಿಸುವ ಗ್ರಹಗಳ ಸುತ್ತ ನಡೆದದ್ದು. ಹಳೆಯ ಶಬ್ದದೊಳಗೆ ಹೊಸ ವ್ಯಾಧಿಯನ್ನು ತುರುಕುವುದು ಇತಿಹಾಸವಾಗಲಾರದು, ವೈದ್ಯವೂ ಆಗಲಾರದು.

ಗ್ರಂಥಗಳಿಗಿಂತ ಬಲವಾಗಿ ಉಳಿದುಬಂದದ್ದು ಕಾಯಿಸಿದ ಕಬ್ಬಿಣ. ಎಳೆಮಕ್ಕಳಿಗೆ ನಾನಾ ಪೀಡೆಗಳ ಪರಿಹಾರಾರ್ಥವಾಗಿ ಬರೆಹಾಕುವ ಪದ್ಧತಿ ಕರ್ನಾಟಕದ ಅನೇಕ ಭಾಗಗಳಲ್ಲಿ ಇತ್ತು; ಸಂಪೂರ್ಣವಾಗಿ ಅಳಿದಿದೆಯೆಂದು ಹೇಳುವಂತಿಲ್ಲ. ರಕ್ತನಾಳಗಂತಿಯ ಮೇಲೆ ಬರೆಯೆಳೆದರೆ ಹುಣ್ಣಾಗುತ್ತದೆ, ರಕ್ತ ಸೋರುತ್ತದೆ, ಕೀವುಗಟ್ಟುತ್ತದೆ. ಹುಣ್ಣು ಮಾದು ಮೇಲೆ ಕಲೆ ನಿಲ್ಲುತ್ತದೆ. ಆದರೂ ಎರಡು ವರ್ಷ ಕಳೆದ ಮೇಲೆ ಗಂತಿ ಇಳಿದಿರುತ್ತದೆ. ಬರೆಹಾಕಿದವನಿಗೆ ಹೆಸರು ಬರುತ್ತದೆ.

ಇದನ್ನು ಓದಿ ನಗುವ ಮೊದಲು ಐರೋಪ್ಯ ಆಸ್ಪತ್ರೆಗಳ ಕಡೆಗೆ ನೋಡಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಶಸ್ತ್ರವೈದ್ಯರು ಈ ಗಂತಿಗೆ ದಾರಕಟ್ಟಿ ಬಿಗಿದರು. ಕ್ಷಾರ ಹಾಗೂ ಆಮ್ಲಗಳನ್ನು ಹಚ್ಚಿದರು. ಕಾದ ಸೂಜಿಯನ್ನು ಚುಚ್ಚಿದರು. ಸಿಡುಬು ಬರದಂತೆ ಹಾಕುವ ದಾಕನ್ನು ತೋಳಿಗೆ ಹಾಕುವ ಬದಲು ಗಂತಿಯ ಮೇಲೆಯೇ ಹಾಕಿ, ಅದು ಹುಣ್ಣಾಗಿ ಮಾಯುವಾಗ ಗಂತಿಯೂ ಹೋಗುವುದೆಂದು ಆಶಿಸಿದ ವೈದ್ಯರಿದ್ದರು. (1805ರಲ್ಲಿ ಥಾಮಸ್ ಹಿಕಿ ಬಿಡಿಸಿದ ಮೈಸೂರು ಅರಮನೆಯ ಸ್ತ್ರೀಯರ ಚಿತ್ರವನ್ನು ದಾಕು ಹಾಕುವುದರ ಪ್ರಚಾರಕ್ಕಾಗಿ ರಚಿಸಿದ್ದೆಂದು ಇತಿಹಾಸಕಾರರೊಬ್ಬರು ವ್ಯಾಖ್ಯಾನಿಸಿರುವುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು, ಅದೇ ದಾಕಿಗೆ ಹೀಗೊಂದು ಉಪಯೋಗವಿದ್ದುದು ಅಷ್ಟು ಪರಿಚಿತವಲ್ಲ.) 1907ರಲ್ಲಿ ಚಿಕಾಗೊ ನಗರದ ವಿಲಿಯಂ ಪ್ಯೂಸಿ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಹಿಮವಾಗಿಸಿ ಮಚ್ಚೆಗಳನ್ನು ಹೆಪ್ಪುಗಟ್ಟಿಸುವ ಕ್ರಮವನ್ನು ಪ್ರಕಟಿಸಿದನು. ಬೆಂಕಿ ಹೋಗಿ ಹಿಮ ಬಂದಿತು, ಫಲಿತಾಂಶ ಅದೇ. ಪ್ರತಿಯೊಬ್ಬನೂ ತನ್ನ ವಿಧಾನದಿಂದ ಗಂತಿ ಹೋಯಿತೆಂದು ಬರೆದನು, ಪ್ರತಿಯೊಬ್ಬನ ವಿಷಯದಲ್ಲಿಯೂ ಗಂತಿ ಹೋದದ್ದು ನಿಜ.

ಇದೇ ವೇಳೆಗೆ ರೇಡಿಯಂ ಬಂದಿತು. 1898ರಲ್ಲಿ ಕ್ಯೂರಿ ದಂಪತಿಗಳು ಕಂಡುಹಿಡಿದ ಈ ಧಾತುವನ್ನು ಮುಂದಿನ ದಶಕದಲ್ಲಿಯೇ ಪ್ಯಾರಿಸ್ಸಿನ ವಿಕ್ಹ್ಯಾಂ ಮತ್ತು ದೆಗ್ರೆ ಎಂಬ ವೈದ್ಯರು ಮಕ್ಕಳ ರಕ್ತನಾಳಗಂತಿಗಳ ಮೇಲೆ ಪ್ರಯೋಗಿಸಿದರು. ನೋವಿಲ್ಲ, ರಕ್ತವಿಲ್ಲ, ಸುಟ್ಟ ಕಲೆಯೂ ಅಷ್ಟಾಗಿ ಇಲ್ಲ. ಗಂತಿ ಇಳಿಯುತ್ತದೆ. ಇದಕ್ಕಿಂತ ಸೌಮ್ಯವಾದ ಚಿಕಿತ್ಸೆ ಇರಲಾರದೆಂದು ಜಗತ್ತಿನ ದೊಡ್ಡ ದೊಡ್ಡ ಆಸ್ಪತ್ರೆಗಳು ಭಾವಿಸಿದವು. ಸ್ವೀಡನ್ ದೇಶದಲ್ಲಿ ಸ್ಟಾಕ್‌ಹೋಂ ನಗರದ ರೇಡಿಯಂಹೆಮೆಟ್ ಆಸ್ಪತ್ರೆಯಲ್ಲಿ 1920ರಿಂದ 1959ರವರೆಗೆ, ಗೋಥೆನ್‌ಬರ್ಗ್ ನಗರದಲ್ಲಿ 1930ರಿಂದ 1965ರವರೆಗೆ, ಎರಡೂ ಸೇರಿ 25,000ಕ್ಕೂ ಹೆಚ್ಚು ಶಿಶುಗಳು ಚರ್ಮದ ಗಂತಿಗಾಗಿ ರೇಡಿಯಂ ಮುಂತಾದ ವಿಕಿರಣಗಳಿಗೆ ಒಳಗಾದವು. ಬಹುತೇಕ ಎಲ್ಲವೂ ಒಂದು ವರ್ಷದೊಳಗಿನ ಕೂಸುಗಳು.

ಸ್ವೀಡನ್ನಿನ ಹೆಸರು ಇಲ್ಲಿ ಬರುವುದಕ್ಕೆ ಕಾರಣವೇನೆಂದರೆ ಆ ದೇಶದವರು ದಾಖಲೆಗಳನ್ನು ಇಟ್ಟಿದ್ದರು. ಯಾವ ಮಗುವಿಗೆ, ಯಾವ ದಿನ, ಮೈಯ ಯಾವ ಭಾಗಕ್ಕೆ, ಎಷ್ಟು ವಿಕಿರಣ ಎಂಬುದು ಕಡತಗಳಲ್ಲಿತ್ತು. ದೇಶದ ಜನಗಣತಿಯ ಹಾಗೂ ರೋಗಗಳ ನೋಂದಣಿ ಪುಸ್ತಕಗಳೊಡನೆ ಅದನ್ನು ತಾಳೆನೋಡಲು ಸಾಧ್ಯವಾಯಿತು. ಹೀಗೆ ಅರ್ಧ ಶತಮಾನದ ತರುವಾಯ ಹೊರಬಿದ್ದ ಫಲಿತಾಂಶಗಳು ದಾರುಣವಾಗಿದ್ದವು. ಶೈಶವದಲ್ಲಿ ಹೆಚ್ಚು ವಿಕಿರಣ ಪಡೆದವರಲ್ಲಿ ಥೈರಾಯ್ಡ್ ಮತ್ತು ಸ್ತನದ ಏಡಿಗಂತಿಗಳು ಮುಂದೆ ಹೆಚ್ಚಾಗಿ ಕಂಡುಬಂದವು. 2004ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಕಾಲೇಜು ಅಧ್ಯಾಪಕರ ಗಮನಕ್ಕೆ ವಿಶೇಷವಾಗಿ ಬರಬೇಕಾದುದು. ಹದಿನೆಂಟು ತಿಂಗಳು ತುಂಬುವ ಮೊದಲು ಗಂತಿಗಾಗಿ ವಿಕಿರಣಚಿಕಿತ್ಸೆ ಪಡೆದಿದ್ದ 3,094 ಗಂಡಸರನ್ನು ಅದು ಪರಿಗಣಿಸಿತು. ಸ್ವೀಡನ್ನಿನಲ್ಲಿ ಯುವಕರೆಲ್ಲ ಸೈನ್ಯದ ಪರೀಕ್ಷೆಗೆ ಒಳಗಾಗಬೇಕಿದ್ದುದರಿಂದ ಅವರ ಬುದ್ಧಿಶಕ್ತಿಯ ಹಾಗೂ ವಿದ್ಯಾಭ್ಯಾಸದ ವಿವರಗಳು ದೊರೆಯುತ್ತಿದ್ದವು. ಮಿದುಳಿಗೆ ವಿಕಿರಣ ತಾಕದವರಲ್ಲಿ ಸುಮಾರು ನೂರಕ್ಕೆ 32 ಮಂದಿ ಪ್ರೌಢವಿದ್ಯಾಭ್ಯಾಸಕ್ಕೆ ಹೋಗಿದ್ದರೆ, ಅತಿ ಹೆಚ್ಚು ತಾಕಿದವರಲ್ಲಿ ಹೋದವರು ಸುಮಾರು 17. ಮುಖದ ಮೇಲಿನ ಒಂದು ಕೆಂಪು ಗಂಟನ್ನು, ಅದೂ ತಾನಾಗಿ ಹೋಗಲಿದ್ದ ಗಂಟನ್ನು, ನಿವಾರಿಸಲು ತೆತ್ತ ಬೆಲೆ ಇದು.

ತಾನಾಗಿ ಹೋಗುವುದೆಂದು ಆಗ ಯಾರಿಗೂ ತಿಳಿದಿರಲಿಲ್ಲವೆ? ತಿಳಿದಿತ್ತು. 1938ರಲ್ಲಿ ಡಬ್ಲ್ಯು. ಎ. ಲಿಸ್ಟರ್ ಎಂಬ ಆಂಗ್ಲ ವೈದ್ಯನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಗಂತಿಗಳ ಸಹಜ ಚರಿತ್ರೆಯನ್ನು ಪ್ರಕಟಿಸಿದನು. (ಕ್ರಿಮಿನಾಶಕ ಶಸ್ತ್ರಕ್ರಿಯೆಯನ್ನು ಆರಂಭಿಸಿದ ಜೋಸೆಫ್ ಲಿಸ್ಟರ್ ಬೇರೆ.) ಈತ ಮಾಡಿದ ಕೆಲಸ ಅತಿ ಸರಳವಾದುದು. ಚಿಕಿತ್ಸೆ ಮಾಡದೆ ಬಿಟ್ಟ ಮಕ್ಕಳನ್ನು ವರ್ಷಗಳ ಕಾಲ ಮತ್ತೆ ಮತ್ತೆ ನೋಡಿ, ಕಂಡದ್ದನ್ನು ಬರೆದಿಟ್ಟನು. ಬಾಲ್ಯದ ಮೊದಲ ತಿಂಗಳುಗಳಲ್ಲಿ ಬೆಳೆದ ಗಂತಿಗಳು ಆಮೇಲೆ ಇಳಿದವು. ಅಲ್ಲಿಯವರೆಗೆ ನೂರಾರು ವೈದ್ಯರು ತಾವು ಏನು ಮಾಡಿದೆವೆಂಬುದನ್ನು ಬರೆದಿದ್ದರು. ಏನೂ ಮಾಡದಿದ್ದರೆ ಏನಾಗುವುದೆಂಬುದನ್ನು ಕ್ರಮವಾಗಿ ಬರೆದಿಟ್ಟವರು ವಿರಳ. ನಮ್ಮ ದೃಷ್ಟಿಯಲ್ಲಿ ಈ ಚರಿತ್ರೆಯಲ್ಲೆಲ್ಲ ಅತ್ಯಂತ ಬೆಲೆಬಾಳುವ ಪ್ರಬಂಧವೆಂದರೆ ಇದೇ. ಆದರೂ ಸ್ವೀಡನ್ನಿನ ಮೇಲ್ಕಂಡ ಕಡತಗಳು ಇನ್ನೂ ಕಾಲು ಶತಮಾನಕ್ಕೂ ಹೆಚ್ಚು ಕಾಲ ತುಂಬುತ್ತಲೇ ಇದ್ದವೆಂಬುದನ್ನು ಇಸವಿಗಳೇ ಹೇಳುತ್ತವೆ. ಒಂದು ಸತ್ಯವು ಅಚ್ಚಾಗುವುದಕ್ಕೂ ಆಚರಣೆಗೆ ಬರುವುದಕ್ಕೂ ನಡುವಿನ ಅಂತರ ವೈದ್ಯಶಾಸ್ತ್ರದಲ್ಲಿಯೂ ಸಾಕಷ್ಟು ದೀರ್ಘವಾದುದೇ.

ಲಿಸ್ಟರನ ಮಾತು ಕ್ರಮೇಣ ಸರ್ವಮಾನ್ಯವಾಯಿತು. ಆದರೆ ‘ತಾನಾಗಿ ಹೋಗುತ್ತದೆ, ಕಾಯಿರಿ’ ಎಂಬುದು ವೈದ್ಯರ ಬಾಯಿಪಾಠವಾದೊಡನೆ ಅದರಿಂದಲೂ ಅನರ್ಥ ಹುಟ್ಟಿತು. ಬಹುಪಾಲು ಗಂತಿಗಳಿಗೆ ಸಲ್ಲುವ ಈ ಮಾತು ಕೆಲವಕ್ಕೆ ಸಲ್ಲುವುದಿಲ್ಲ. ರೆಪ್ಪೆಯ ಮೇಲೆ ಬೆಳೆದ ಗಂತಿ ನಾಲ್ಕನೆಯ ವರ್ಷದಲ್ಲಿ ಇಳಿಯುವುದೇನೋ ಸರಿ. ಅಷ್ಟರಲ್ಲಿ ಆ ಕಣ್ಣಿಗೆ ನೋಡುವುದನ್ನು ಕಲಿಯುವ ಕಾಲ ಮೀರಿಹೋಗಿರುತ್ತದೆ. ಕಣ್ಣು ನೆಟ್ಟಗಿದ್ದರೂ ಮಿದುಳು ಅದರ ಬಿಂಬವನ್ನು ಸ್ವೀಕರಿಸುವುದನ್ನು ಬಿಟ್ಟಿರುತ್ತದೆ. ಗದ್ದ, ಕೆಳತುಟಿ, ಕತ್ತಿನ ಮುಂಭಾಗ, ಅಂದರೆ ಗಂಡಸರಿಗೆ ಗಡ್ಡ ಬೆಳೆಯುವ ಜಾಗದಲ್ಲೆಲ್ಲ ಹರಡಿದ ಗಂತಿಯಿದ್ದರೆ ಒಳಗೆ ಶ್ವಾಸನಾಳದಲ್ಲಿಯೂ ಒಂದು ಇರಬಹುದು. ಅಂತಹ ಕೂಸಿನ ಉಸಿರಿನಲ್ಲಿ ಕರಕರ ಶಬ್ದ ಕೇಳಿದರೆ ಒಂದು ದಿನವೂ ಕಾಯಬಾರದು. ಮೈಮೇಲೆ ಐದು ಅಥವಾ ಅದಕ್ಕಿಂತ ಹೆಚ್ಚು ಗಂತಿಗಳಿದ್ದರೆ ಯಕೃತ್ತಿನಲ್ಲಿಯೂ ಇರುವ ಸಂಭವವಿರುವುದರಿಂದ ಹೊಟ್ಟೆಯ ಸ್ಕ್ಯಾನ್ ಮಾಡಿಸುವರು. ತುಟಿಯಲ್ಲಿ, ಅಂಡಿನ ಸಂದಿನಲ್ಲಿ ಇರುವವು ಒಡೆದು ಹುಣ್ಣಾಗಿ, ಹಾಲು ಕುಡಿಯುವಾಗಲೂ ಮಲಮೂತ್ರ ವಿಸರ್ಜಿಸುವಾಗಲೂ ಕೂಸನ್ನು ಅಳಿಸುತ್ತವೆ. ಮುಖದ ಒಂದು ಪಾರ್ಶ್ವವನ್ನೆಲ್ಲ ಆವರಿಸಿದ ದೊಡ್ಡ ಗಂತಿಯೊಡನೆ ಮಿದುಳಿನ ಮತ್ತು ಹೃದಯದ ರಕ್ತನಾಳಗಳ ದೋಷಗಳೂ ಇರಬಹುದೆಂದು 1996ರಲ್ಲಿ ನಿರ್ಧರಿಸಿದರು. ಇವಾವುವೂ ಇಲ್ಲದಿದ್ದರೂ, ಮೂಗಿನ ತುದಿಯ ಮೇಲೊಂದು ದಪ್ಪ ಗಂತಿ ಇಳಿದಾಗ ಮೂಗು ಮೊದಲಿನಂತೆ ಇರುವುದಿಲ್ಲ. ಚಿಕಿತ್ಸೆಯಿಲ್ಲದೆ ಇಳಿದ ಗಂತಿಗಳಲ್ಲಿ, ತಜ್ಞರ ಬಳಿಗೆ ಬಂದವನ್ನು ಮಾತ್ರ ಲೆಕ್ಕ ಹಿಡಿದರೆ, ಸುಮಾರು ಅರ್ಧದಷ್ಟು ಜೋಲುಚರ್ಮವನ್ನೋ ಕಲೆಯನ್ನೋ ಬಿಟ್ಟುಹೋಗುತ್ತವೆಂದು ಈಚಿನ ಅಧ್ಯಯನ ತೋರಿಸಿದೆ. ಹೋಗುತ್ತದೆಯೆಂಬುದು ನಿಜ, ಏನನ್ನು ಉಳಿಸಿ ಹೋಗುತ್ತದೆಯೆಂಬ ಪ್ರಶ್ನೆಯನ್ನು ಹಿಂದಿನವರು ಸಾಕಷ್ಟು ಕೇಳಲಿಲ್ಲ.

ಅಪಾಯದ ಗಂತಿಗಳಿಗೆ ಮದ್ದನ್ನು ಅರಸುವ ಕಾರ್ಯ ಹೀಗೆ ಮುಂದುವರಿಯಿತು. 1967ರಲ್ಲಿ ಜಾರೆಮ್ ಮತ್ತು ಎಡ್ಜರ್ಟನ್ ಎಂಬ ಅಮೆರಿಕದ ಶಸ್ತ್ರವೈದ್ಯರು ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಔಷಧದಿಂದ ಗಂತಿಗಳು ಕುಗ್ಗಿದುದನ್ನು ವರದಿಮಾಡಿದರು. ಮುಂದಿನ ನಾಲ್ಕು ದಶಕಗಳ ಕಾಲ ಅದೇ ಮುಖ್ಯ ಚಿಕಿತ್ಸೆಯಾಗಿತ್ತು. ಮುಖ ಊದುವುದು, ರಕ್ತದೊತ್ತಡ ಏರುವುದು, ಬೆಳವಣಿಗೆ ಕುಂಠಿತವಾಗುವುದು ಮುಂತಾದ ದೋಷಗಳಿದ್ದರೂ ಬೇರೆ ಮಾರ್ಗವಿರಲಿಲ್ಲ. 1992ರಲ್ಲಿ ಇಂಟರ್‌ಫೆರಾನ್ ಬಂದು ಬಹಳ ಭರವಸೆ ಹುಟ್ಟಿಸಿತು. ಕೆಲವು ಶಿಶುಗಳ ಕಾಲುಗಳು ಸೆಟೆದು ನಡಿಗೆಗೆ ಬಾರದಂತಾದುದರಿಂದ ಹಿಂದೆ ಸರಿಯಿತು. ಲೇಸರ್ ಕಿರಣಗಳು ಚರ್ಮದ ಮೇಲ್ಪದರದ ಕೆಂಪಿಗೆ ಉಪಯುಕ್ತವಾದವು. ಆಳದ ಗಂತಿಯನ್ನು ತಲಪಲಿಲ್ಲ.

ಈಗ ಬಳಕೆಯಲ್ಲಿರುವ ಮದ್ದು ಬಂದದ್ದು ಯಾರೂ ಹುಡುಕದೆ ಇದ್ದ ದಿಕ್ಕಿನಿಂದ. ಫ್ರಾನ್ಸಿನ ಬೋರ್ಡೋ ನಗರದ ಆಸ್ಪತ್ರೆಯಲ್ಲಿ ಮೂಗಿನ ಮೇಲೆ ಗಂತಿಯಿದ್ದ ಮಗುವೊಂದಕ್ಕೆ ಸ್ಟಿರಾಯ್ಡ್ ಕೊಡುತ್ತಿದ್ದರು. ಆ ಮಗುವಿನ ಹೃದಯದ ಸ್ನಾಯು ದಪ್ಪವಾಗಿ ರಕ್ತದ ಹೊರಹರಿವಿಗೆ ಅಡ್ಡಿಯಾಯಿತು. ಹೃದಯದ ಉಪಶಮನಕ್ಕಾಗಿ ಪ್ರೊಪ್ರನೊಲಾಲ್ ಎಂಬ ಔಷಧವನ್ನು ಕೊಟ್ಟರು. ಇದು ಹೊಸ ಔಷಧವೇನೂ ಆಗಿರಲಿಲ್ಲ. ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಹೃದ್ರೋಗಕ್ಕಾಗಿ ರೂಪಿಸಿದ, ಆತನಿಗೆ 1988ರಲ್ಲಿ ನೊಬೆಲ್ ಪಾರಿತೋಷಕವನ್ನು ತಂದುಕೊಟ್ಟ ಶೋಧನೆಗಳಲ್ಲಿ ಒಂದಾದ, ಎಲ್ಲ ಔಷಧದ ಅಂಗಡಿಗಳಲ್ಲಿಯೂ ದೊರೆಯುವ ಹಳೆಯ ಮಾತ್ರೆ. ಮರುದಿನ ನೋಡಿದರೆ ಕಡುಗೆಂಪಾಗಿದ್ದ ಗಂತಿ ನೇರಳೆಬಣ್ಣ ತಿರುಗಿ ಮೆತ್ತಗಾಗಿತ್ತು. ಸ್ಟಿರಾಯ್ಡನ್ನು ತಗ್ಗಿಸಿದರೂ ಮತ್ತೆ ಬೆಳೆಯಲಿಲ್ಲ. ಕ್ರಿಸ್ಟಿನ್ ಲಿಯೋತೆ-ಲಾಬ್ರೆಜ್ ಎಂಬ ವೈದ್ಯೆಯೂ ಆಕೆಯ ಸಹೋದ್ಯೋಗಿಗಳೂ ಈ ಬದಲಾವಣೆಯನ್ನು ಗಮನಿಸಿ, ಮತ್ತೊಂದು ಮಗುವಿನಲ್ಲಿಯೂ ಅದನ್ನೇ ಕಂಡು, ಆಮೇಲೆ ಇನ್ನೂ ಒಂಬತ್ತು ಮಕ್ಕಳಿಗೆ ಕೊಟ್ಟು ನೋಡಿ, 2008ರ ಜೂನ್ ತಿಂಗಳಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಪತ್ರಿಕೆಯೊಂದಕ್ಕೆ ಒಂದು ಚಿಕ್ಕ ಪತ್ರ ಬರೆದರು.

ಹನ್ನೊಂದು ಮಕ್ಕಳ ಈ ಪತ್ರವನ್ನು ದಾಕು, ಹಿಮ, ರೇಡಿಯಮ್ಮುಗಳ ಸಾಲಿಗೆ ಏಕೆ ಸೇರಿಸಬಾರದೆಂದು ವಾಚಕರು ಕೇಳಬಹುದು, ಕೇಳಬೇಕು ಸಹ. ತಾನಾಗಿ ಇಳಿಯುವ ಗಂತಿ ಇಲ್ಲಿಯೂ ತಾನಾಗಿಯೇ ಇಳಿದಿರಬಾರದೇಕೆ? ಉತ್ತರ ಎರಡು ತೆರನಾಗಿದೆ. ಇಳಿದದ್ದು ಬೆಳೆಯುವ ವಯಸ್ಸಿನಲ್ಲಿ, ಅದೂ ಒಂದು ದಿನದಲ್ಲಿ. ಪ್ರಕೃತಿಯ ಕಾಲಕ್ರಮಕ್ಕೆ ಇದು ಹೊಂದುವುದಿಲ್ಲ. ಇಷ್ಟನ್ನೇ ನಂಬಿ ಕೂರಲಿಲ್ಲವೆಂಬುದು ಎರಡನೆಯದು. ಒಂದರಿಂದ ಐದು ತಿಂಗಳೊಳಗಿನ 460 ಶಿಶುಗಳನ್ನು ಚೀಟಿಯೆತ್ತಿದಂತೆ ಗುಂಪುಗಳಾಗಿ ವಿಂಗಡಿಸಿ, ಕೆಲವಕ್ಕೆ ನಿಜವಾದ ಔಷಧವನ್ನೂ ಕೆಲವಕ್ಕೆ ನೋಡಲು ಅದರಂತೆಯೇ ಇರುವ ನಿರ್ಗುಣ ದ್ರವವನ್ನೂ ಕೊಟ್ಟು, ಯಾರಿಗೆ ಯಾವುದೆಂದು ತಿಳಿಯದವರಿಂದ ಫಲಿತಾಂಶವನ್ನು ಅಳೆಯಿಸಿದರು. 2015ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 3 ಮಿಲಿಗ್ರಾಂ ಪ್ರಮಾಣದಲ್ಲಿ ಆರು ತಿಂಗಳು ಔಷಧ ಪಡೆದವರಲ್ಲಿ ನೂರಕ್ಕೆ 60 ಮಕ್ಕಳ ಗಂತಿ ಸಂಪೂರ್ಣವಾಗಿ ಇಲ್ಲವೆ ಬಹುಮಟ್ಟಿಗೆ ಮಾಯವಾಯಿತು. ನಿರ್ಗುಣ ದ್ರವ ಪಡೆದವರಲ್ಲಿ ನೂರಕ್ಕೆ 4. ಲಿಸ್ಟರನು ಕಂಡ ಸಹಜ ಚರಿತ್ರೆ ಆ ನಾಲ್ಕರಲ್ಲಿ ಅಡಗಿದೆ. ಅದನ್ನು ಕಳೆದ ಮೇಲೆ ಉಳಿದದ್ದು ಔಷಧದ ಗುಣ. ನೂರು ವರ್ಷಗಳ ಹಿಂದೆ ರೇಡಿಯಂ ಹಿಡಿದವರು ಈ ಒಂದು ಕಳೆಯುವ ಲೆಕ್ಕವನ್ನು ಮಾಡಿದ್ದರೆ ಸ್ವೀಡನ್ನಿನ ಕಡತಗಳು ಹುಟ್ಟುತ್ತಿರಲಿಲ್ಲ.

ಹೆಸರಿನ ತೊಡಕು ಇಲ್ಲಿ ಮತ್ತೊಮ್ಮೆ ಎದುರಾಗುತ್ತದೆ. 1940ರಲ್ಲಿ ಕಸಬಾಕ್ ಮತ್ತು ಮೆರಿಟ್ ಎಂಬವರು ಬೃಹತ್ತಾದ ರಕ್ತನಾಳಗಂತಿಯೊಡನೆ ರಕ್ತ ಹೆಪ್ಪುಗಟ್ಟುವ ಶಕ್ತಿಯೂ ಕುಂದಿದ ಶಿಶುವೊಂದನ್ನು ವರ್ಣಿಸಿದ್ದರು. ಅಂದಿನಿಂದ ಐವತ್ತಕ್ಕೂ ಹೆಚ್ಚು ವರ್ಷ ಇದು ಸಾಮಾನ್ಯ ಗಂತಿಯದೇ ಉಗ್ರರೂಪವೆಂದು ಎಣಿಸಿದ್ದರು. ಅದು ಬೇರೆಯೇ ಜಾತಿಯ ಗಂತಿಯೆಂದು 1990ರ ದಶಕದಲ್ಲಿ ಸ್ಥಿರಪಟ್ಟಿತು. ಅದರ ಚಿಕಿತ್ಸೆಯೂ ಬೇರೆ. ಹೀಗೆಯೇ ದ್ರಾಕ್ಷಾರಸದ ಬಣ್ಣದ ಚಪ್ಪಟೆ ಮಚ್ಚೆಗೆ ಪ್ರೊಪ್ರನೊಲಾಲಿನಿಂದ ಏನೂ ಆಗದು. ಅದಕ್ಕೆ ಲೇಸರ್ ಸಲ್ಲುತ್ತದೆ. ಆದುದರಿಂದ ಮದ್ದಿಗಿಂತ ಮೊದಲು ಇದು ಯಾವ ಮಚ್ಚೆಯೆಂಬುದು ಇತ್ಯರ್ಥವಾಗಬೇಕು. ಬಹುಪಾಲು ಸಂದರ್ಭಗಳಲ್ಲಿ ಇದಕ್ಕೆ ಯಾವ ಯಂತ್ರವೂ ಬೇಡ. ಯಾವಾಗ ಕಾಣಿಸಿತು, ಬೆಳೆಯಿತೇ ಎಂಬ ಎರಡು ಪ್ರಶ್ನೆಗಳಿಗೆ ತಾಯಿ ಕೊಡುವ ಉತ್ತರವೇ ಸಾಕಾಗುತ್ತದೆ.

ಮಾತ್ರೆ ಅಗ್ಗವಾದುದೆಂದು ಅಂಗಡಿಯಿಂದ ತಂದು ಕುಡಿಸತಕ್ಕದ್ದಲ್ಲ. ಆರಂಭಿಸುವ ಮೊದಲು ವೈದ್ಯರು ಕೂಸಿನ ಹೃದಯವನ್ನೂ ಉಸಿರಾಟವನ್ನೂ ಪರೀಕ್ಷಿಸಬೇಕು. ತೂಕಕ್ಕೆ ತಕ್ಕಂತೆ ಪ್ರಮಾಣವನ್ನು ಗೊತ್ತುಮಾಡಬೇಕು. ತೂಕ ಹೆಚ್ಚಿದಂತೆ ಅದನ್ನು ತಿದ್ದಬೇಕು. ಈ ಔಷಧ ನಾಡಿಯನ್ನು ನಿಧಾನಿಸುತ್ತದೆ, ರಕ್ತದೊತ್ತಡವನ್ನು ಇಳಿಸುತ್ತದೆ, ಉಬ್ಬಸವಿರುವ ಮಗುವಿಗೆ ಉಸಿರು ಕಟ್ಟಿಸಬಲ್ಲದು. ಎಲ್ಲಕ್ಕಿಂತ ಮುಖ್ಯವಾದ ಅಪಾಯವೆಂದರೆ ಹಸಿದ ಕೂಸಿನ ರಕ್ತದಲ್ಲಿ ಸಕ್ಕರೆಯ ಅಂಶ ಕುಸಿಯುವುದು. ಆದಕಾರಣ ಹಾಲು ಕುಡಿಸುವ ವೇಳೆಯಲ್ಲಿಯೇ ಔಷಧ ಕೊಡಬೇಕು. ಕೂಸು ವಾಂತಿಮಾಡುತ್ತಿದ್ದರೆ, ಹಾಲು ಬಿಟ್ಟಿದ್ದರೆ, ಕೊಡದೆ ನಿಲ್ಲಿಸಿ ವೈದ್ಯರನ್ನು ಕೇಳಬೇಕು. ಕನಿಷ್ಠ ಆರು ತಿಂಗಳು, ಅನೇಕ ವೇಳೆ ಮಗುವಿಗೆ ವರ್ಷ ತುಂಬುವವರೆಗೆ ಇದು ನಡೆಯುತ್ತದೆ. ಚಿಕ್ಕದಾದ, ತೆಳುವಾದ ಗಂತಿಗಳಿಗೆ ಕಣ್ಣಿನ ರೋಗಕ್ಕೆ ಬಳಸುವ ಟಿಮೊಲಾಲ್ ಹನಿಯನ್ನು ಮೇಲೆ ಹಚ್ಚಲು ಕೊಡುವುದುಂಟು. ತೊಂದರೆಯಿಲ್ಲದ ಜಾಗದಲ್ಲಿರುವ ಸಣ್ಣ ಗಂತಿಗೆ ಇಂದಿಗೂ ಲಿಸ್ಟರನ ಮಾರ್ಗವೇ ಸರಿ: ನೋಡುತ್ತಿರುವುದು.

ಹರಿಹರ ತಾಲ್ಲೂಕಿನ ಮಲೆಬೆನ್ನೂರಿಗೂ ಈ ಕಥೆಗೂ ಇರುವ ಸಂಬಂಧವನ್ನು ಇನ್ನು ಹೇಳಬಹುದು. 2019ರಲ್ಲಿ ಅಮೆರಿಕದ ಶಿಶುವೈದ್ಯರ ಸಂಸ್ಥೆ ಹೊರಡಿಸಿದ ಮಾರ್ಗಸೂಚಿಯಂತೆ, ಅಪಾಯದ ಜಾಗದ ಗಂತಿಯಿರುವ ಕೂಸನ್ನು ಒಂದು ತಿಂಗಳಾಗುವಷ್ಟರಲ್ಲಿಯೇ ತಜ್ಞರಿಗೆ ತೋರಿಸಬೇಕು. ಬೆಳೆದ ಮೇಲೆ ಇಳಿಸುವುದಕ್ಕಿಂತ ಬೆಳೆಯದಂತೆ ತಡೆಯುವುದು ಸುಲಭ. ನಮ್ಮಲ್ಲಿಯೋ ಒಂದರಿಂದ ಐದು ತಿಂಗಳವರೆಗಿನ ಆ ಕಾಲವೇ ಬಾಣಂತನದ ಕಾಲ. ತಾಯಿ ತವರಿನಲ್ಲಿರುತ್ತಾಳೆ, ಕೂಸಿಗೆ ಗಾಳಿ ಸೋಕಬಾರದು, ದೃಷ್ಟಿ ತಾಕಬಾರದೆಂದು ಒಳಕೋಣೆಯಲ್ಲಿ ಹೊದಿಸಿ ಮಲಗಿಸಿರುತ್ತಾರೆ. ಮುಖದ ಮೇಲೊಂದು ಗುರುತು ಬೆಳೆಯುತ್ತಿದ್ದರೆ ಬಂದವರ ಕಣ್ಣಿಗೆ ಬೀಳದಂತೆ ಇನ್ನಷ್ಟು ಜೋಪಾನಮಾಡುತ್ತಾರೆ. ಗಂಡನ ಮನೆಗೆ ಕರೆತರುವಾಗ ಮೂರೋ ಐದೋ ತಿಂಗಳು ತುಂಬಿರುತ್ತದೆ. ಆಗ ಎಲ್ಲರೂ ನೋಡಿ ಆಸ್ಪತ್ರೆಗೆ ಹೊರಡುತ್ತಾರೆ. ಗಂತಿ ತನ್ನ ಬೆಳವಣಿಗೆಯನ್ನು ಆಗಲೇ ಮುಗಿಸಿರುತ್ತದೆ. ಬಾಣಂತನವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಹೆತ್ತವಳಿಗೆ ವಿಶ್ರಾಂತಿಯನ್ನೂ ಎಣ್ಣೆನೀರನ್ನೂ ಒದಗಿಸಿದ ಆ ಪದ್ಧತಿಗೆ ಅದರದೇ ಆದ ವಿವೇಕವಿದೆ. ಎರಡು ಕಾಲಾವಧಿಗಳು ಒಂದರ ಮೇಲೊಂದು ಬಿದ್ದಿವೆಯೆಂಬುದನ್ನು ಮಾತ್ರ ತೋರಿಸುತ್ತಿದ್ದೇವೆ.

ಆದರೆ ಬಾಣಂತನದ ನಡುವೆಯೂ ಕೂಸು ಹೊಸಿಲು ದಾಟುವ ಒಂದು ದಿನವುಂಟು. ರಾಷ್ಟ್ರೀಯ ಲಸಿಕೆಯ ಕ್ರಮದಂತೆ ಆರನೆಯ, ಹತ್ತನೆಯ ಮತ್ತು ಹದಿನಾಲ್ಕನೆಯ ವಾರಗಳಲ್ಲಿ ಕೂಸಿಗೆ ಚುಚ್ಚುಮದ್ದು ಹಾಕಿಸಬೇಕು. ಆಶಾ ಕಾರ್ಯಕರ್ತೆಯು ಮನೆಗೆ ಬಂದು ನೋಡುವ ಸರದಿಯಲ್ಲಿ ನಲವತ್ತೆರಡನೆಯ ದಿನದ ಭೇಟಿಯೂ ಒಂದು. ಗಂತಿಯ ಬೆಳವಣಿಗೆಯ ವೇಗ ಅತ್ಯಧಿಕವಾಗಿರುವುದು ಐದೂವರೆಯಿಂದ ಏಳೂವರೆ ವಾರಗಳ ನಡುವೆಯೆಂದು ಆರಂಭದಲ್ಲಿ ಹೇಳಿದೆವು. ಆರನೆಯ ವಾರದ ಲಸಿಕೆಯ ದಿನ ಸರಿಯಾಗಿ ಆ ಅವಧಿಯೊಳಗೆ ಬೀಳುತ್ತದೆ. ಅಂದು ತೊಡೆಯನ್ನು ಮಾತ್ರ ತೆರೆದು ಸೂಜಿ ಚುಚ್ಚಿ ಕಳುಹಿಸುವ ಬದಲು ಕುಲಾವಿ ತೆಗೆದು, ಅಂಗಿ ಬಿಚ್ಚಿ, ರೆಪ್ಪೆ, ಮೂಗು, ತುಟಿ, ಗದ್ದ, ಬೆನ್ನು, ಅಂಡುಗಳನ್ನು ಒಮ್ಮೆ ನೋಡಲು ಎರಡು ನಿಮಿಷ ಸಾಕು. ಮೈಬಣ್ಣ ಕಪ್ಪಾಗಿರುವ ಕೂಸುಗಳಲ್ಲಿ ಆರಂಭದ ಕೆಂಪು ಅಷ್ಟಾಗಿ ಎದ್ದುಕಾಣದಿರುವುದರಿಂದ ಬೆರಳಿನಿಂದ ಸವರಿ ನೋಡುವುದು ಒಳ್ಳೆಯದು.

ಮಲೆಬೆನ್ನೂರಿನಿಂದ ಹರಿಹರದ ಮಾರ್ಗವಾಗಿ ದಾವಣಗೆರೆಗೆ ಸುಮಾರು ಒಂದು ಗಂಟೆಯ ಬಸ್ಸಿನ ದಾರಿ. 1965ರಲ್ಲಿ ಸ್ಥಾಪಿತವಾದ ಜೆ. ಜೆ. ಎಂ. ವೈದ್ಯಕೀಯ ಕಾಲೇಜು, ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಮಕ್ಕಳ ಆರೋಗ್ಯ ಸಂಸ್ಥೆಗಳಿರುವ ಆ ನಗರದಲ್ಲಿ ಶಿಶುವೈದ್ಯರಿಗೂ ಚರ್ಮವೈದ್ಯರಿಗೂ ಕೊರತೆಯಿಲ್ಲ. ಶ್ವಾಸನಾಳದ ಗಂತಿಯಂತಹ ಕಠಿನ ಸಂದರ್ಭಗಳಲ್ಲಿ ಅಲ್ಲಿಂದ ಮಣಿಪಾಲಕ್ಕೋ ಬೆಂಗಳೂರಿಗೋ ಕಳುಹಿಸಬಹುದು. ಅಲ್ಲಿಗೆ ಹೋಗುವ ತಾಯಿ ಒಂದು ದಾಖಲೆಯನ್ನು ಜೊತೆಯಲ್ಲಿ ಒಯ್ದರೆ ವೈದ್ಯರ ಕೆಲಸ ಬಹಳ ಹಗುರವಾಗುತ್ತದೆ. ಗುರುತು ಕಂಡ ದಿನದಿಂದ ವಾರಕ್ಕೊಂದರಂತೆ, ಕಿಟಕಿಯ ಬೆಳಕಿನಲ್ಲಿ, ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯವನ್ನು ಹಿಡಿದು, ಮನೆಯ ಮೊಬೈಲಿನಲ್ಲಿ ತೆಗೆದ ಚಿತ್ರಗಳೇ ಆ ದಾಖಲೆ. ನಾಣ್ಯದಿಂದ ಅಳತೆ ತಿಳಿಯುತ್ತದೆ. ದಿನಾಂಕವನ್ನು ಯಂತ್ರವೇ ಬರೆದುಕೊಂಡಿರುತ್ತದೆ.